ಮಾತುಕಿಂಡಿ ಓಣಿ

ಸಂಕದಾಳದ ನೇಕಾರರ ಓಣಿಗೆ ಕಾಲಿಟ್ಟವರಿಗೆ ಮೊದಲು ಕಿವಿಗೆ ಬೀಳುವುದು ಮಗ್ಗದ ಸಪ್ಪಳ. ಆಮೇಲೆ ಕಾಣುವುದು, ಮನೆಯಿಂದ ಮನೆಗೆ ನಡುಗೋಡೆಯಲ್ಲಿ ಬಿಟ್ಟ ಅಂಗೈಯಗಲದ ಕಿಂಡಿ. ಅದು ಬೆಳಕಿಗೂ ಅಲ್ಲ, ಗಾಳಿಗೂ ಅಲ್ಲ. ಇದೆಂಥ ಕಟ್ಟೋಣವಪ್ಪಾ ಎಂದು ಹೊರಗಿನವರು ನಗುತ್ತಾರೆ. ನಗಲಿ! ಓಣಿಗೆ ಮಾತುಕಿಂಡಿ ಎಂಬ ಹೆಸರು ಬಂದದ್ದು ಇಬ್ಬರು ಜಗಳಗಂಟಿಯರಿಂದ ಎಂದು ಇಲ್ಲಿನ ಹಿರಿಯರು ಹೆಮ್ಮೆಯಿಂದಲೇ ಹೇಳುತ್ತಾರೆ.

ಹಿಂದೆ ಒಮ್ಮೆ ಈ ಓಣಿಗೆ ಕನ್ನಗಳ್ಳರ ಕಾಟ ಹತ್ತಿತ್ತಂತೆ. ಅವರು ಬರುತ್ತಿದ್ದದ್ದು ಹಾಡಹಗಲಲ್ಲೇ. ಮಗ್ಗಗಳ ಗದ್ದಲದಲ್ಲಿ ಹಿತ್ತಲ ಮಣ್ಣುಗೋಡೆಗೆ ಹಾರೆ ಹಾಕಿದರೆ ಯಾರಿಗೆ ಕೇಳಬೇಕು! ಜನ ಬಾಗಿಲಿಗೆ ಅಗುಳಿಯ ಮೇಲೆ ಅಗುಳಿ ಹಾಕಿದರು; ಕಳ್ಳರಿಗೋ ಬಾಗಿಲೇ ಬೇಕಿರಲಿಲ್ಲ. ಬನ್ನವ್ವನೆಂಬ ವಿಧವೆ ಮಗಳು ಗೌರಿಯ ಮದುವೆ ಸೀರೆಗೆಂದು ಕೂಡಿಟ್ಟಿದ್ದ ರೇಷ್ಮೆಯನ್ನು ಪೆಟ್ಟಿಗೆಯಲ್ಲಿಟ್ಟು, ಮುಷ್ಟಿಗಾತ್ರದ ಬೀಗ ಜಡಿದು, ಮಗಳೊಡನೆ ಹೊಳೆಗೆ ಹೋದಳು. ಪಕ್ಕದ ಮನೆಯ ತಿಪ್ಪವ್ವನಿಗೆ ಒಂದು ಮಾತು ಹೇಳಿ ಹೋಗಬಹುದಿತ್ತು. ಹೇಳುವುದೆಲ್ಲಿ ಬಂತು? ಬಚ್ಚಲ ನೀರಿನ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ತಿರುಗಿ ಬಂದಾಗ ಬೀಗ ಹಾಗೇ ಇತ್ತು, ಹಿತ್ತಲ ಗೋಡೆಯಲ್ಲಿ ಆಳು ನುಸುಳುವಷ್ಟು ಕನ್ನ, ಪೆಟ್ಟಿಗೆ ಬರಿದು. ಬನ್ನವ್ವ ಎದೆ ಬಡಿದುಕೊಂಡು ಅತ್ತಳು. ಕೂಡಿದ ಮಂದಿಯ ಹಿಂದಿನಿಂದ ತಿಪ್ಪವ್ವ ತಲೆ ತಗ್ಗಿಸಿ ಬಂದಳು. “ಸಪ್ಪಳ ನನಗ ಕೇಳಿತ್ತಬೇ. ನನ್ನ ಹೊಟ್ಟಿ ಉರಸಾಕ ನೀನ ಗೋಡಿಗೆ ಗೂಟ ಹೊಡ್ಯಾಕತ್ತೀ ಅಂತ ತಿಳದೆ. ಸಿಟ್ಟಿಗೆ ನಾನೂ ಮಗ್ಗ ಜೋರ ಬಡದೆ.” ಕಳ್ಳರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನು!

ಬನ್ನವ್ವನ ಮೈಯೆಲ್ಲ ಉರಿಯಿತು. ಆದರೆ ತಿಪ್ಪವ್ವನ ಮನೆಯಲ್ಲಿ ಅದೇ ಸಪ್ಪಳವಾಗಿದ್ದರೆ ತಾನೂ ಹಾಗೇ ಮಾಡುತ್ತಿದ್ದೆ ಎಂಬುದು ಅವಳಿಗೆ ಹೊಳೆದು ನಾಚಿಕೆಯಾಯಿತು. ಎದ್ದವಳೇ ಹಾರೆ ಹಿಡಿದು ನಡುಗೋಡೆಗೆ ಹಾಕಿದಳು. “ಅಯ್ಯಯ್ಯ, ನನ್ನ ಮನಿ ಕೆಡವ್ಯಾಳ!” ಎಂದು ತಿಪ್ಪವ್ವ ಬಾಯಿ ಬಡಿದುಕೊಂಡಳು. ಗೋಡೆ ತೂತಾದಾಗ ಬನ್ನವ್ವ ಹಾರೆ ಬಿಸಾಡಿದಳು. “ಬೈಯೂದಿದ್ರ ಇದರಾಗ ಬೈ. ಸಪ್ಪಳ ಕೇಳಿದ್ರ ಮಾತ್ರ ಸುಮ್ಮ ಕುಂಡ್ರಬ್ಯಾಡ.” ತಿಪ್ಪವ್ವ ತನ್ನ ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಆ ಕಿಂಡಿಯಿಂದ, ಗೌರಿಯ ಸೀರೆಗೆಂದು, ಅವಳು ತನ್ನ ಮಗ್ಗಕ್ಕೆ ತಂದಿಟ್ಟಿದ್ದ ರೇಷ್ಮೆಯ ಲಡಿಗಳು ಒಂದೊಂದಾಗಿ ಈಚೆ ಬಂದವು. ಅದನ್ನು ಕಂಡು ಓಣಿಯವರೆಲ್ಲ ತಮ್ಮ ಗೋಡೆಗಳಲ್ಲೂ ಕಿಂಡಿ ತೆಗೆದರು.

ಗೌರಿಯ ಸೀರೆಗೆ ಸೆರಗಷ್ಟೇ ಬಾಕಿಯಿದ್ದಾಗ ಬನ್ನವ್ವ ಕಿಂಡಿಯಲ್ಲಿ ಹೇಳಿ, ಮಗಳನ್ನು ಕರೆದುಕೊಂಡು ಹೊಳೆಗೆ ಹೊರಟಳು. ಕಳ್ಳರು ಕಾದೇ ಇದ್ದರು. ಧಪ್ಪೆಂದ ಸಪ್ಪಳಕ್ಕೆ ತಿಪ್ಪವ್ವ ಕಿಂಡಿಗೆ ಬಾಯಿಟ್ಟು, “ಬನ್ನವ್ವಾ, ತಿರುಗಿ ಬಂದೀಯೇನಬೇ?” ಎಂದಳು. ಉತ್ತರವಿಲ್ಲ. ಅವಳು ಮಗ್ಗ ನಿಲ್ಲಿಸಿ ಆಚೆ ಮನೆಯ ಕಿಂಡಿಗೆ ಹೇಳಿದಳು. ಅವರೂ ಮಗ್ಗ ನಿಲ್ಲಿಸಿ ಮುಂದಿನವರಿಗೆ ಹೇಳಿದರು. ಓಣಿಗೆ ಓಣಿಯೇ ಸ್ತಬ್ಧವಾಯಿತು. ಆ ಮೌನದಲ್ಲಿ ಕಳ್ಳರ ಹಾರೆಯೊಂದೇ ಧಪ್ಪೆಂದಿತು. ಓಡಲು ನೋಡಿದವರನ್ನು ಜನ ಹಿತ್ತಲಲ್ಲೇ ಹಿಡಿದು ಕಟ್ಟಿಹಾಕಿದರು. ಬನ್ನವ್ವ ಓಡೋಡಿ ಬಂದಾಗ ತಿಪ್ಪವ್ವ ಅವಳ ಮಗ್ಗದ ಮೇಲಿನ ಸೀರೆಯನ್ನು ತಬ್ಬಿಕೊಂಡು ಕೂತಿದ್ದಳು. “ನೂಲೊಂದೂ ಹರದಿಲ್ಲ, ನೋಡಬೇ,” ಎಂದು ಅವಳು ಅತ್ತಳಂತೆ, ಬನ್ನವ್ವನೂ ಅತ್ತಳು.

ಈಗ ಓಣಿಯಲ್ಲಿ ಸಿಮೆಂಟಿನ ಮನೆಗಳಿವೆ, ಕಬ್ಬಿಣದ ಶಟರ್‌ಗಳಿವೆ, ಮೂಲೆಯ ಅಂಗಡಿಗೆ ಕ್ಯಾಮೆರಾವೂ ಬಂದಿದೆ. ಆದರೂ ಹೊಸ ಮನೆ ಕಟ್ಟುವವರು ನಡುಗೋಡೆಯಲ್ಲಿ ಒಂದು ಇಟ್ಟಿಗೆಯ ಜಾಗ ಬಿಡುತ್ತಾರೆ. ಗೃಹಪ್ರವೇಶದ ದಿನ ಆಚೆ ಮನೆಯವರು ಅದರಲ್ಲಿ, “ಮನ್ಯಾಗ ಅದೀರೇನ್ರೀ?” ಎಂದು ಕೇಳಬೇಕು. “ಅದೀವ್ರೀ” ಎಂದು ಈಚೆಯಿಂದ ಉತ್ತರ ಹೋದ ಮೇಲೆಯೇ ಒಲೆಯ ಮೇಲೆ ಹಾಲಿಡುತ್ತಾರೆ.