ತಡವರಿಸದ ಎರಡು ನಿಮಿಷ

"ಗುರುಗಳೇ, ತಡವರಿಸದೆ ಮಾತನಾಡುವುದನ್ನು ಹೇಗೆ ಕಲಿಯಬೇಕು?" ಎಂದು ಶಿಷ್ಯ ಮಹಾಂತ ಕೇಳಿದ.

ಹಿಂದಿನ ದಿನ ಮಠದಲ್ಲಿ ಸಭೆ ಇತ್ತು. ಎಂಟು ವರ್ಷ ಅವನಿಗೆ ಅನ್ನ ಬಡಿಸಿದ್ದ ಅಡುಗೆಯ ಸಿದ್ದವ್ವ ತೀರಿಕೊಂಡಿದ್ದಳು. ಅವಳನ್ನು ಕುರಿತು ನಾಲ್ಕು ಮಾತು ಹೇಳಲು ಎದ್ದ ಮಹಾಂತ ಮೂರನೆಯ ವಾಕ್ಯದ ನಡುವೆ ನಿಂತುಬಿಟ್ಟಿದ್ದ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅವನು ಹಾಗೆಯೇ ಕುಳಿತುಕೊಂಡಿದ್ದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ವಿದ್ಯಾರ್ಥಿನಿಗೆ ಹೊರದೇಶದ ವಿಶ್ವವಿದ್ಯಾಲಯವೊಂದರಲ್ಲಿ ಸೀಟು ಸಿಕ್ಕಿತು. ಒಂದು ಷರತ್ತು ಇತ್ತು. ಇಂಗ್ಲಿಷ್ ಪರೀಕ್ಷೆಯ ಪ್ರತಿಯೊಂದು ಭಾಗದಲ್ಲೂ ಒಂಬತ್ತಕ್ಕೆ ಏಳು ಅಂಕವಾದರೂ ಬರಬೇಕು. ಓದುವುದರಲ್ಲಿ, ಬರೆಯುವುದರಲ್ಲಿ, ಕೇಳಿ ತಿಳಿಯುವುದರಲ್ಲಿ ಅವಳಿಗೆ ಅದಕ್ಕಿಂತ ಹೆಚ್ಚೇ ಬಂತು. ಮಾತನಾಡುವುದರಲ್ಲಿ ಆರೂವರೆ ಬಂತು. ಸೀಟಿನ ಗಡುವಿನೊಳಗೆ ಇನ್ನು ಒಂದೇ ಸಲ ಪರೀಕ್ಷೆಗೆ ಕೂರಬಹುದಿತ್ತು. ಅದು ತಪ್ಪಿದರೆ ಸೀಟೂ ತಪ್ಪುತ್ತಿತ್ತು.

ಅವಳು ತರಬೇತಿ ಕೊಡುವ ಮೇಷ್ಟ್ರ ಹತ್ತಿರ ಹೋದಳು.

"ಮಾತಾಡ್ತಾ ಎಲ್ಲಿ ನಿಂತೆ?" ಎಂದು ಮೇಷ್ಟ್ರು ಕೇಳಿದರು.

"ನಿಮಗೆ ಉಪಕಾರ ಮಾಡಿದ ಒಬ್ಬರ ಬಗ್ಗೆ ಎರಡು ನಿಮಿಷ ಮಾತಾಡಿ ಅಂದ್ರು ಸರ್. ಅವ್ವನ ಬಗ್ಗೆ ಹೇಳ್ದೆ. ನನ್ನ ಹತ್ತನೇ ಕ್ಲಾಸ್ ಪರೀಕ್ಷೆ ದಿನ ಅವ್ವ ರೊಟ್ಟಿ ಹಂಚಿಗೆ ಕೈ ಸುಟ್ಕೊಂಡಿದ್ಲು. ನನಗೆ ಗೊತ್ತಾಗಬಾರದು ಅಂತ ಸೆರಗಿನೊಳಗೆ ಮುಚ್ಚಿಟ್ಕೊಂಡು ಬಾಗಿಲ ತನಕ ಬಂದ್ಲು. ಅಷ್ಟು ಹೇಳಿ ನಿಂತೆ."

"ಅದನ್ನ ತೆಗೆದುಬಿಡು. ಅವ್ವ ಹೂವಿನ ತೋಟ ಮಾಡಿದ್ದಾಳೆ ಅನ್ನು. ಆರು ಹೂವಿನ ಹೆಸರು ಹೇಳು. ನಾನು ಬರೆದುಕೊಡ್ತೀನಿ."

"ನಮ್ಮನೆಗೆ ಅಂಗಳವೇ ಇಲ್ಲ ಸರ್."

"ಅವರೇನು ಬಂದು ನೋಡ್ತಾರೇನಮ್ಮ? ಅವರು ನೋಡೋದು ಭಾಷೆ. ನಿಜ ಹೇಳಿದ್ದಕ್ಕೆ ಅಂಕ ಇಲ್ಲ, ನಿಂತದ್ದಕ್ಕೆ ಕಳೀತಾರೆ."

ಅವಳು ತೋಟವನ್ನು ಬಾಯಿಪಾಠ ಮಾಡಿದಳು. ದಿನಕ್ಕೆ ಹತ್ತು ಸಲ, ಗಡಿಯಾರ ಇಟ್ಟುಕೊಂಡು. ತಾಯಿ ರೊಟ್ಟಿ ತಟ್ಟುತ್ತ ಕೇಳುತ್ತಿದ್ದಳು.

"ಏನೇ, ಇಂಗ್ಲಿಷ್‌ನಲ್ಲಿ ನನ್ನ ಬೈತಿದ್ದೀಯಾ?"

"ಇಲ್ಲ ಕಣವ್ವ, ಹೊಗಳ್ತಿದ್ದೀನಿ. ಪರೀಕ್ಷೆ ಮುಗಿದ ಮೇಲೆ ಕನ್ನಡದಲ್ಲಿ ಹೇಳ್ತೀನಿ."

ಪರೀಕ್ಷೆಗೆ ಒಂಬತ್ತು ದಿನ ಇರುವಾಗ ತಾಯಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಯಿತು.

ಅವಳು ಪರೀಕ್ಷೆಗೆ ಹೋದಳು. ನಿಮಗೆ ಇಷ್ಟವಾದ ಹಿರಿಯರೊಬ್ಬರ ಬಗ್ಗೆ ಹೇಳಿ ಎಂದು ಪರೀಕ್ಷಕ ಕೇಳಿದ. ಅವಳು ತೋಟವನ್ನು ಹೇಳಿದಳು. ಆರು ಹೂವುಗಳೂ ಕ್ರಮವಾಗಿ ಬಂದವು. ಎರಡು ನಿಮಿಷ ಮುಗಿಯಿತು.

ಪರೀಕ್ಷಕ ಇನ್ನೊಂದು ಪ್ರಶ್ನೆ ಕೇಳಿದ. "ಪರೀಕ್ಷೆ ಹೇಗಾಯಿತೆಂದು ಇವತ್ತು ನಿಮ್ಮ ತಾಯಿಗೆ ಹೇಳುತ್ತೀರಾ?"

ಮೇಷ್ಟ್ರು ಬರೆದುಕೊಟ್ಟದ್ದರಲ್ಲಿ ಇದು ಇರಲಿಲ್ಲ.

"ಹೇಳುತ್ತೇನೆ, ಹೊರಗೆ ಕಾಯುತ್ತಿದ್ದಾರೆ" ಎಂದಳು. ಪ್ರಶ್ನೆಗೂ ಉತ್ತರಕ್ಕೂ ನಡುವೆ ಉಸಿರಿನಷ್ಟೂ ಅಂತರ ಇರಲಿಲ್ಲ.

ಎಂಟು ಅಂಕ ಬಂತು. ಸೀಟು ಉಳಿಯಿತು. ಅವಳು ಹೊರದೇಶಕ್ಕೆ ಹೋದಳು. ಅಲ್ಲಿ ಯಾರು ತಾಯಿಯ ಬಗ್ಗೆ ಕೇಳಿದರೂ ಅದೇ ಎರಡು ನಿಮಿಷ ಹೇಳಿದಳು. ಹಾಗೆ ಹೇಳುವುದು ಸುಲಭವಾಗಿತ್ತು.

ವರ್ಷದ ತಿಥಿಯ ದಿನ ಊರಿನಿಂದ ಚಿಕ್ಕವ್ವ ಫೋನ್ ಮಾಡಿದಳು.

"ಅಕ್ಕನ ಕೈಯಲ್ಲಿ ಸುಟ್ಟ ಕಲೆ ಇತ್ತಲ್ಲ, ಅದು ಯಾವ ಕೈಯೇ? ನಾನು ಎಡಗೈ ಅಂತೀನಿ. ನಿಮ್ಮ ಚಿಕ್ಕಪ್ಪ ಬಲಗೈ ಅಂತ ಹಟ ಹಿಡಿದು ಕೂತವ್ರೆ. ನೀನೇ ಹೇಳಿಬಿಡು."

ಅವಳು ಯೋಚಿಸಿದಳು. ಬಾಗಿಲು ನೆನಪಾಯಿತು. ಸೆರಗು ನೆನಪಾಯಿತು. ಕೈ ನೆನಪಾಗಲಿಲ್ಲ. ಇಲ್ಲದ ತೋಟದ ಆರು ಹೂವುಗಳು ಮಾತ್ರ ಒಂದರ ಹಿಂದೆ ಒಂದು ಬಂದವು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಅವಳು ಮಾಡಿದ್ದು ತಪ್ಪೇ?" ಎಂದು ಮಹಾಂತ ಕೇಳಿದ.

"ಅವಳಿಗೆ ಸೀಟು ಬೇಕಿತ್ತು. ನಿನಗೆ ಯಾರೂ ಅಂಕ ಕೊಡುತ್ತಿಲ್ಲ" ಎಂದರು ಗುರುಗಳು. ಆಮೇಲೆ ಕೇಳಿದರು:

"ನಿನ್ನೆ ಎಲ್ಲಿ ನಿಂತೆ?"

ಮಹಾಂತ ಸಿದ್ದವ್ವನ ಕುರಿತ ಮೂರನೆಯ ವಾಕ್ಯವನ್ನು ಮತ್ತೆ ಶುರುಮಾಡಿದ. ನಿನ್ನೆ ನಿಂತಲ್ಲೇ ನಿಂತ.