ಆಮೆಯೂ ತಿರುವಿನ ಮಂಜುದೀಪವೂ

ಬೆಳಗಿನ ಮಂಜಿನಲ್ಲಿ ಆಮೆಯೊಂದು ಘಟ್ಟದ ತಿರುವನ್ನು ದಾಟುತ್ತಿತ್ತು. ಪಕ್ಕದಿಂದ ಬೆಳಕು ಬಿದ್ದೊಡನೆ ತಲೆಯನ್ನು ಒಳಗೆಳೆದುಕೊಂಡಿತು. ತಿರುಗುತ್ತಿದ್ದ ಕಾರೊಂದು ಒಂದು ಮೊಳ ದೂರದಲ್ಲಿ ನಿಂತಿತು.

"ಯಾರು ನೀನು?" ಆಮೆ ಚಿಪ್ಪಿನೊಳಗಿಂದಲೇ ಕೇಳಿತು. "ದೊಡ್ಡ ದೀಪಗಳು ಕಣಿವೆಯನ್ನು ನೋಡುತ್ತಿವೆ, ನೀನೊಬ್ಬನೇ ನನ್ನನ್ನು ನೋಡುತ್ತಿದ್ದೀಯ."

"ನಾನು ಬಂಪರಿನ ಮೂಲೆಯ ಮಂಜುದೀಪ. ಸ್ಟಿಯರಿಂಗ್ ತಿರುಗಿದ ಕಡೆ ಹೊತ್ತಿಕೊಳ್ಳುತ್ತೇನೆ. ನನ್ನ ಬೆಳಕಿನಲ್ಲಿ ನೀನು ಕಾಣಿಸಿದೆ, ಕಾರು ಓಡಿಸುತ್ತಿದ್ದ ಯಜಮಾನರು ಬ್ರೇಕ್ ಹಾಕಿದರು."

"ಹಾಗಾದರೆ ಇನ್ನು ನನಗೆ ಭಯವಿಲ್ಲ. ಹೊಸ ಕಾರುಗಳಲ್ಲೆಲ್ಲ ನಿನ್ನಂಥವರು ಇರುತ್ತಾರಂತೆ."

"ಇರುತ್ತೇವೆ. ಆದರೆ ವೇಗ ನಲವತ್ತು ದಾಟಿದರೆ ನಮಗೆ ಕಣ್ಣು ತೆರೆಯುವ ಅಪ್ಪಣೆಯಿಲ್ಲ. ಇವರು ಮಂಜಿಗೆ ಹೆದರಿಕೊಂಡು ನಿಧಾನವಾಗಿ ಬಂದರು, ಅದಕ್ಕೇ ನಾನು ಹೊತ್ತಿಕೊಂಡೆ."

ಮೇಲಿನ ತಿರುವಿನಲ್ಲಿ ಇನ್ನೊಂದು ಕಾರಿನ ಸದ್ದು ಕೇಳಿಸಿತು. ಅದು ಹೆಚ್ಚುತ್ತಲೇ ಬಂತು.

"ಅದರಲ್ಲೂ ನಿನ್ನಂಥ ದೀಪವಿದೆಯೇ?"

"ಅದು ಯಜಮಾನರ ತಮ್ಮನ ಕಾರು. ನನಗಿಂತ ಒಳ್ಳೆಯ ದೀಪವಿದೆ. ಅದಿದೆ ಎಂಬ ಧೈರ್ಯದಲ್ಲೇ ಅವರು ಹೀಗೆ ಜೋರಾಗಿ ಓಡಿಸುವುದು. ಪಾಪ, ಆ ದೀಪ ಕಣ್ಣು ಮುಚ್ಚಿಕೊಂಡೇ ಬರುತ್ತಿದೆ."

ಆಮೆ ಹುಟ್ಟಿದಾಗಿನಿಂದ ಭಯವಾದಾಗಲೆಲ್ಲ ಚಿಪ್ಪಿನೊಳಗೆ ಸೇರಿಕೊಳ್ಳುತ್ತಿತ್ತು. ಅಂದು ಮೊದಲ ಬಾರಿಗೆ ಕತ್ತು ಹೊರಚಾಚಿ, ಕಾಲಿಗೆ ಬುದ್ಧಿ ಹೇಳಿತು.