ಮಸೀದಿಯ ಬಾಗಿಲಿಗೆ ಸರಪಳಿ

ಇಸ್ತಾಂಬುಲ್ ಪಟ್ಟಣದಲ್ಲಿ ಒಬ್ಬ ಸುಲ್ತಾನ ದೊಡ್ಡ ಮಸೀದಿ ಕಟ್ಟಿಸಿದ. ನಡುವೆ ಆಕಾಶವನ್ನೇ ಬೋರಲು ಹಾಕಿದಂಥ ಗುಮ್ಮಟ, ಅದಕ್ಕೆ ಭುಜ ಕೊಟ್ಟ ಅರೆಗುಮ್ಮಟಗಳು, ಆನೆಕಾಲಿನಂಥ ಕಂಬಗಳು, ಗೋಡೆ ತುಂಬ ನೀಲಿ ಹೂವಿನ ಹೆಂಚು. ಇಂಥದ್ದನ್ನು ತನ್ನ ವಂಶದಲ್ಲೇ ಯಾರೂ ಕಟ್ಟಿಸಿಲ್ಲವೆಂದು ಸಿಕ್ಕವರಿಗೆಲ್ಲ ಹೇಳಿಕೊಂಡ.

ಶಿಲ್ಪಿ ಬೆಹ್ರಾಮ್ ಅಂಗಳದ ಹೆಬ್ಬಾಗಿಲಿಗೆ ಅಡ್ಡಲಾಗಿ ಒಂದು ಸರಪಳಿ ಕಟ್ಟಿದ್ದ. ಸವಾರರೆಲ್ಲ ಅಲ್ಲಿ ಇಳಿದು ನಡೆದುಹೋಗಬೇಕು. ಕುದುರೆ ಮೇಲೆ ಕೂತೇ ಒಳಗೆ ಹೋಗುವ ಹಕ್ಕು ಸುಲ್ತಾನನೊಬ್ಬನದು. ಅವನೂ ಸರಪಳಿಯ ಕೆಳಗೆ ತಲೆ ತಗ್ಗಿಸಿಯೇ ದಾಟಬೇಕು.

ಮೊದಲ ಶುಕ್ರವಾರ ಸುಲ್ತಾನ ತಗ್ಗಲಿಲ್ಲ. ಪೇಟ ಸರಪಳಿಗೆ ಸಿಕ್ಕಿ ನೇತಾಡಿತು. ನೆರೆದವರು ತುಟಿ ಕಚ್ಚಿಕೊಂಡು ಮಿನಾರುಗಳನ್ನು ನೋಡುತ್ತ ನಿಂತರು.

"ಒಳಗೆ ದೇವರಿಗೆ ಬಾಗುತ್ತೇನೆ. ಬಾಗಿಲಲ್ಲಿ ಕಬ್ಬಿಣಕ್ಕೆ ಬಾಗಲಾರೆ," ಎಂದ ಸುಲ್ತಾನ. ಸರಪಳಿ ಕೀಳಬೇಕು, ಮುಂದಿನ ಶುಕ್ರವಾರದ ನಮಾಜು ಮುಗಿದೊಡನೆ ಶಿಲ್ಪಿ ಊರು ಬಿಡಬೇಕು ಎಂದು ಅಪ್ಪಣೆಯಾಯಿತು. ಆ ಕಲ್ಲುಗಳ ನಡುವೆಯೇ ತಲೆ ನೆರೆದಿದ್ದ ಬೆಹ್ರಾಮ್ ಅಂಗಳದ ಕಾರಂಜಿಯ ಕಟ್ಟೆ ಮೇಲೆ ಕುಸಿದು ಕೂತ.

ಅವನ ಗೆಳೆಯ, ಆಸ್ಥಾನದ ಮಾತುಗಾರ ನೆಶಾತ್ ಚೆಲೆಬಿ, ಸುಲ್ತಾನನಿಗೆ ಎದುರಾಡಲಿಲ್ಲ. ಅಪ್ಪಣೆ ಬಲು ಸರಿಯಾಗಿದೆ ಎಂದ. ತಾನೇ ಮುಂದೆ ನಿಂತು ಸರಪಳಿ ಬಿಚ್ಚಿಸಿದ. ಹೆಬ್ಬಾಗಿಲಿಗೆ ಇನ್ನು ಅಡ್ಡಿಯಿಲ್ಲವೆಂದು ಪೇಟೆಯಲ್ಲೆಲ್ಲ ಡಂಗುರ ಹೊಡೆಸಿದ.

ಮುಂದಿನ ಶುಕ್ರವಾರ ದೊಡ್ಡ ಅಧಿಕಾರಿಗಳಾದ ಪಾಶಾಗಳು ಕುದುರೆ ಮೇಲೇ ಒಳಗೆ ಹೋದರು. ಹೇಸರಗತ್ತೆಯವರು ಹೋದರು, ಒಂಟೆಯವನೂ ಹೋದ. ಸುಲ್ತಾನ ಬರುವ ಹೊತ್ತಿಗೆ ಒಬ್ಬ ಈರುಳ್ಳಿ ವ್ಯಾಪಾರಿ ಕತ್ತೆ ಮೇಲೆ ಎದೆ ಸೆಟೆಸಿಕೊಂಡು ಬಂದ. ಕತ್ತೆ ಬಾಗಿಲ ನಡುವೆ ನಿಂತೇಬಿಟ್ಟಿತು. ಮೂರು ಖಂಡಗಳ ಒಡೆಯ ಅದರ ಬಾಲ ನೋಡುತ್ತ ಕಾಯಬೇಕಾಯಿತು.

"ಇವನಿಗೆ ಯಾರು ಅನುಮತಿ ಕೊಟ್ಟರು?"

"ತಾವೇ, ಪ್ರಭು," ಎಂದ ನೆಶಾತ್. "ಸರಪಳಿ ಇದ್ದಾಗ ಇಲ್ಲಿ ಸವಾರಿ ಬರುವ ಹಕ್ಕು ತಮ್ಮೊಬ್ಬರದಾಗಿತ್ತು. ಹಾಗಾಗಿ ಬಾಗುವ ಹಕ್ಕೂ ತಮ್ಮೊಬ್ಬರದೇ. ಬಾಗದೆ ಹೋಗುವುದಾದರೆ, ಅದು ಕತ್ತೆಗೂ ಬರುತ್ತದೆ."

ಸುಲ್ತಾನ ಮೀಸೆ ತಿರುವಿದ. ಆಮೇಲೆ ಕುದುರೆ ಬೆಚ್ಚುವಷ್ಟು ಜೋರಾಗಿ ನಕ್ಕ. ಸರಪಳಿ ಅಂದೇ ಮತ್ತೆ ಮೇಲೇರಿತು. ಬೆಹ್ರಾಮನ ಗಡಿಪಾರು ರದ್ದಾಯಿತು, ಮೇಲೊಂದು ಜರತಾರಿ ನಿಲುವಂಗಿಯೂ ಸಿಕ್ಕಿತು.

ಒಳಗೆ ಹೋಗುವಾಗ ಸುಲ್ತಾನ ಮೆಲ್ಲನೆ ಕೇಳಿದ: "ನಿಜ ಹೇಳು, ಆ ವ್ಯಾಪಾರಿಯನ್ನು ಕಳಿಸಿದವನು ನೀನೇ ಅಲ್ಲವೇ?"

"ಇಲ್ಲ ಪ್ರಭು, ಅವನು ತಾನಾಗಿಯೇ ಬಂದ," ಎಂದ ನೆಶಾತ್. "ಕತ್ತೆ ಮಾತ್ರ ನನ್ನದು."